ಯಾತ್ರೆಯ ಜನಸಂದಣಿಯಲ್ಲಿ ಉಸಿರಾಟದ ಸೋಂಕು ತಗಲದಂತೆ ನೋಡಿಕೊಳ್ಳುವುದು ಹೇಗೆ?

ಹಜ್ ಯಾತ್ರೆ ಮುಗಿಸಿದವರನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಡುವ ಕೆಮ್ಮಿಗೆ ವೈದ್ಯರ ನಡುವೆ ‘ಹಜ್ ಕೆಮ್ಮು’ ಎಂಬ ಹೆಸರೇ ಬಿದ್ದಿದೆ. 180ಕ್ಕೂ ಹೆಚ್ಚು ದೇಶಗಳ ಲಕ್ಷಾಂತರ ಜನ ಕೆಲವೇ ದಿನಗಳ ಮಟ್ಟಿಗೆ ಒಂದೆಡೆ ಸೇರಿ, ಒಟ್ಟಿಗೆ ನಡೆದು, ಒಟ್ಟಿಗೆ ಮಲಗಿ, ಮತ್ತೆ ತಂತಮ್ಮ ಊರುಗಳಿಗೆ ಚದುರುವಾಗ ವೈರಸ್‌ಗಳೂ ಜೊತೆಯಲ್ಲೇ ಪ್ರಯಾಣಿಸುತ್ತವೆ. ಚಳಿಗಾಲದ ಮಂಜಿನಲ್ಲಿ ನಡೆಯುವ ಪ್ರಯಾಗರಾಜದ ಕುಂಭಮೇಳದಂತಹ ಸಮಾವೇಶಗಳಿಗೂ ಈ ಮಾತು ಸಲ್ಲುತ್ತದೆ. ಹೆಚ್ಚಿನವು ನೆಗಡಿ ತರುವ ರೈನೋವೈರಸ್, ಫ್ಲೂ, ಸಾಮಾನ್ಯ ಕೊರೊನಾವೈರಸ್‌ಗಳಂತಹ ಸೋಂಕುಗಳು; ಆದರೆ ವಯಸ್ಸಾದವರಲ್ಲಿ ಇವು ನ್ಯುಮೋನಿಯಾಕ್ಕೆ ತಿರುಗಬಲ್ಲವು, ಮತ್ತು ಯಾತ್ರಿಗಳಲ್ಲಿ ವಯಸ್ಸಾದವರೇ ಬಹಳ.

ಸಿದ್ಧತೆಯನ್ನು ಹೊರಡುವ ವಾರದಲ್ಲಲ್ಲ, ನಾಲ್ಕರಿಂದ ಆರು ವಾರ ಮುಂಚೆಯೇ ಆರಂಭಿಸಬೇಕು. ಲಸಿಕೆ ಹಾಕಿಸಿಕೊಂಡ ಮರುದಿನವೇ ದೇಹಕ್ಕೆ ರಕ್ಷಣೆ ಬರುವುದಿಲ್ಲ. ಫ್ಲೂ ಲಸಿಕೆಗೆ ಸುಮಾರು ಎರಡು ವಾರ ಬೇಕು. 65 ದಾಟಿದವರು, ಮಧುಮೇಹ, ಆಸ್ತಮಾ, ಹೃದಯ ಅಥವಾ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇರುವವರು ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಹಜ್‌ಗೆ ಹೋಗುವವರಿಗೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ತರುವ ಮೆನಿಂಜೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ಆಯ್ಕೆಯ ವಿಷಯವೇ ಅಲ್ಲ: ಎ, ಸಿ, ಡಬ್ಲ್ಯೂ, ವೈ ಎಂಬ ನಾಲ್ಕು ಬಗೆಗಳ ವಿರುದ್ಧದ ಲಸಿಕೆಯನ್ನು ಸೌದಿ ಅರೇಬಿಯಾ ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕೆಂಬುದು ಅಲ್ಲಿನ ಸರ್ಕಾರದ ನಿಯಮ. ಈ ನಿಯಮದ ಹಿಂದೆ ಕಹಿ ಅನುಭವವಿದೆ. 1987ರ ಹಜ್ ವೇಳೆ ಎ ಬಗೆಯ ಮೆನಿಂಜೈಟಿಸ್ ಹಬ್ಬಿತು. 2000ದಲ್ಲಿ ಡಬ್ಲ್ಯೂ ಬಗೆಯದು ಕಾಣಿಸಿಕೊಂಡು, ಮರಳಿದ ಯಾತ್ರಿಗಳಿಂದ ಯಾತ್ರೆಗೇ ಹೋಗದ ಮನೆಯವರಿಗೂ ತಗುಲಿತು. ಮೂಗು, ಗಂಟಲಿನ ದ್ರವದ ಮೂಲಕ ಹರಡುವ ಈ ಬ್ಯಾಕ್ಟೀರಿಯಾವನ್ನು ಆರೋಗ್ಯವಂತರು ಸಹ ತಮಗರಿವಿಲ್ಲದೆಯೇ ಹೊತ್ತು ತರಬಹುದು.

ಚೀಲ ಕಟ್ಟುವಾಗ ದಿನನಿತ್ಯದ ಮಾತ್ರೆಗಳನ್ನು ಬೇಕಾದುದಕ್ಕಿಂತ ಒಂದು ವಾರಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ. ಔಷಧಿಗಳ ಹೆಸರು, ಪ್ರಮಾಣ ಮತ್ತು ಕಾಯಿಲೆಯ ವಿವರವಿರುವ ವೈದ್ಯರ ಚೀಟಿಯೊಂದು ಸದಾ ಮೈಮೇಲೇ ಇರಲಿ. ಇನ್‌ಹೇಲರ್ ಬಳಸುವವರು ಅದನ್ನು ಬಸ್ಸಿನ ಡಿಕ್ಕಿಗೆ ಹೋಗುವ ಪೆಟ್ಟಿಗೆಯಲ್ಲಿಟ್ಟರೆ, ಉಸಿರು ಕಟ್ಟಿದ ಗಳಿಗೆಯಲ್ಲಿ ಅದು ಇದ್ದೂ ಇಲ್ಲದಂತೆ.

ಅಲ್ಲಿಗೆ ತಲುಪಿದ ಮೇಲೆ ಬಹುತೇಕರು ಎಚ್ಚರ ವಹಿಸುವುದು ತೆರೆದ ಬಯಲಿನ ನೂಕುನುಗ್ಗಲಿನಲ್ಲಿ. ಅದು ತಪ್ಪಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಮಲಗುವ ಜಾಗಕ್ಕೆ. ಬಯಲಿನಲ್ಲಿ ಪಕ್ಕದವರ ಕೆಮ್ಮು ಗಾಳಿಗೆ ಬೇಗ ಚದುರುತ್ತದೆ. ಪರದೆಗಳನ್ನೆಲ್ಲ ಇಳಿಬಿಟ್ಟ ಡೇರೆಯಲ್ಲಿ, ಹಾಸಿಗೆಗೆ ಹಾಸಿಗೆ ತಾಗಿಸಿ ಮಲಗಿದ ಹತ್ತಾರು ಜನರ ನಡುವೆ ಒಬ್ಬರು ಕೆಮ್ಮಿದರೆ, ಅದೇ ಗಾಳಿಯನ್ನು ಉಳಿದವರು ಬೆಳಗಿನವರೆಗೂ ಉಸಿರಾಡುತ್ತಿರುತ್ತಾರೆ. ಒಳಗಿನ ಗಾಳಿಯನ್ನೇ ಸುತ್ತಿಸಿ ತಂಪು ಮಾಡುವ ಎಸಿಯಿಂದ ಇದಕ್ಕೆ ಪರಿಹಾರ ಸಿಗದು. ಎದುರುಬದುರಿನ ಎರಡು ಪರದೆಗಳನ್ನು ಒಂದಿಷ್ಟಾದರೂ ಎತ್ತಿ ಕಟ್ಟಿ ಗಾಳಿ ಹಾಯುವಂತೆ ಮಾಡಿ. ಕೆಮ್ಮುವವರ ಹಾಸಿಗೆಯನ್ನು ಗಾಳಿ ಹೊರಹೋಗುವ ಕಡೆಗೆ ಹಾಕಿಸಿ, ಅಕ್ಕಪಕ್ಕದಲ್ಲಿ ತುಸು ಜಾಗ ಬಿಡಿ; ಇದನ್ನು ಅವರ ಮನಸ್ಸಿಗೆ ನೋವಾಗದಂತೆ ಹೇಳುವುದು ಗುಂಪಿನ ಹಿರಿಯರ ಕೆಲಸ. ಚಳಿಗಾಲದಲ್ಲಿ ಡೇರೆಯೊಳಗೆ ಸೌದೆಯನ್ನಾಗಲಿ ಇದ್ದಿಲನ್ನಾಗಲಿ ಉರಿಸಲೇಬಾರದು. ಹೊಗೆ ಶ್ವಾಸನಾಳವನ್ನು ಕೆರಳಿಸುವುದಷ್ಟೇ ಅಲ್ಲ, ಇಂಗಾಲದ ಮಾನಾಕ್ಸೈಡ್ ಜೀವಕ್ಕೇ ಎರವಾಗುತ್ತದೆ.

ಮಾಸ್ಕ್ ಕುರಿತು ನೇರವಾಗಿ ಹೇಳುವುದಾದರೆ, ಗಲ್ಲದ ಕೆಳಗೆ ಜೋತುಬಿದ್ದ ಮಾಸ್ಕ್‌ನಿಂದ ಪ್ರಯೋಜನವಿಲ್ಲ. ಹಜ್ ಯಾತ್ರಿಗಳ ಡೇರೆಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಮಾಸ್ಕ್ ಹಂಚಿದ ಗುಂಪಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಹಂಚಿದ ಮಾಸ್ಕ್‌ಗಳನ್ನು ಬಹಳಷ್ಟು ಜನ ದಿನವೂ ಧರಿಸಲೇ ಇಲ್ಲವೆಂಬುದೂ ಅಲ್ಲಿ ದಾಖಲಾಗಿದೆ. ಸೆಕೆಯಲ್ಲಿ ಇಡೀ ದಿನ ಧರಿಸುವುದು ಕಷ್ಟವಾದರೆ ಬಸ್ಸು, ಲಿಫ್ಟ್, ಆಸ್ಪತ್ರೆಯ ಸಾಲುಗಳಲ್ಲಾದರೂ ಮೂಗು, ಬಾಯಿ ಎರಡೂ ಮುಚ್ಚುವಂತೆ ಧರಿಸಿ, ಬೆವರಿಗೆ ಒದ್ದೆಯಾದ ಕೂಡಲೇ ಬದಲಿಸಿ. ಕೈಯನ್ನು ಸಾಬೂನಿನಿಂದ 20 ಸೆಕೆಂಡು ತೊಳೆಯಿರಿ. ನೀರಿನ ಬಾಟಲಿ, ಲೋಟ, ಟವೆಲ್ ಹಂಚಿಕೊಳ್ಳಬೇಡಿ. ಮಧ್ಯಪ್ರಾಚ್ಯದಲ್ಲಿರುವವರು ಒಂಟೆಗಳ ಹತ್ತಿರ ಹೋಗದಿರುವುದು, ಅವುಗಳ ಹಸಿ ಹಾಲು ಕುಡಿಯದಿರುವುದು ಕ್ಷೇಮ. ತೀವ್ರ ಉಸಿರಾಟದ ಕಾಯಿಲೆ ತರುವ, 2012ರಲ್ಲಿ ಪತ್ತೆಯಾದ ಮರ್ಸ್ ವೈರಸ್ ಒಂಟೆಗಳಿಂದ ಮನುಷ್ಯರಿಗೆ ದಾಟುತ್ತದೆ.

ಇಷ್ಟಾಗಿಯೂ ಜ್ವರ, ಗಂಟಲು ನೋವು ಬಂದರೆ ಹೆಚ್ಚಿನವರು ಮಾಡುವ ತಪ್ಪೆಂದರೆ ಸಹಯಾತ್ರಿಯ ಚೀಲದಿಂದ ಆಂಟಿಬಯಾಟಿಕ್ ಪಡೆದು ನುಂಗುವುದು. ವೈರಸ್‌ಗಳ ಮೇಲೆ ಅದು ಕೆಲಸ ಮಾಡುವುದಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಜ್ವರಕ್ಕೆ ಪ್ಯಾರಾಸಿಟಮಾಲ್ ಇವಿಷ್ಟರಲ್ಲೇ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ಕುಳಿತಲ್ಲೇ ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮಾತು ತಡವರಿಸುವುದು, ಇಳಿದ ಜ್ವರ ಮತ್ತೆ ಏರುವುದು ಇವುಗಳಲ್ಲಿ ಒಂದು ಕಂಡರೂ ಮುಂದಿನ ವಿಧಿಗಾಗಿ ಕಾಯದೆ ವೈದ್ಯರ ಬಳಿಗೆ ಹೋಗಬೇಕು. ವೃದ್ಧರಲ್ಲಿ ಜ್ವರವೇ ಇಲ್ಲದೆ ಬರೀ ಮಂಕು ಕವಿದಂತಾಗುವುದೂ ನ್ಯುಮೋನಿಯಾದ ಲಕ್ಷಣವಿರಬಹುದು. ಫ್ಲೂ ಔಷಧಿಯನ್ನು ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ.

ಮರಳಿದ ನಂತರದ ಎರಡು ವಾರ ಯಾತ್ರೆಯದೇ ಭಾಗವೆಂದು ತಿಳಿಯಬೇಕು. ಫ್ಲೂ ಒಂದರಿಂದ ನಾಲ್ಕು ದಿನಗಳಲ್ಲಿ ಕಾಣಿಸಿಕೊಂಡರೆ, ಮರ್ಸ್‌ನಂತಹ ಸೋಂಕು 14 ದಿನಗಳವರೆಗೂ ಅಡಗಿರಬಹುದು. ಪ್ರಸಾದ ಹಂಚುವ, ನೆಂಟರು ಬಂದು ಅಪ್ಪಿಕೊಳ್ಳುವ ದಿನಗಳೂ ಇವೇ ಆದ್ದರಿಂದ, ಕೆಮ್ಮು ಇದ್ದವರು ಎಳೆಗೂಸುಗಳನ್ನು ಎತ್ತಿಕೊಳ್ಳುವುದನ್ನು ಕೆಲವು ದಿನ ಮುಂದೂಡಲಿ. ವೈದ್ಯರನ್ನು ಕಂಡಾಗ ಎಲ್ಲಿಗೆ ಹೋಗಿದ್ದಿರಿ, ಯಾವ ತಾರೀಖಿಗೆ ಮರಳಿದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಿ.