ನಾಲ್ಕು ಕಾಲಗಳ ಊರು: ಅರ್ಕಶೋನ್‌ನಲ್ಲಿ ನಾನು ನಡೆದ ದಾರಿ

ಮೊದಲ ಸಲ ಫ್ರಾನ್ಸ್‌ನ ಕಡಲತೀರದ ಊರು ಅರ್ಕಶೋನ್‌ಗೆ ಹೋದಾಗ ನಾವು ಊರನ್ನು ನೋಡಲೇ ಇಲ್ಲ. ಕೆಲಸದ ಮೇಲೆ ತುಲೂಸ್‌ಗೆ ಬಂದು ಎರಡು ತಿಂಗಳಾಗಿತ್ತು. ಆಗಸ್ಟ್‌ನ ಒಂದು ಶನಿವಾರ ಬೋರ್ಡೋದಲ್ಲಿ ರೈಲು ಬದಲಿಸಿ, ಹೆಂಡತಿ ಮಗಳ ಜೊತೆ ಹನ್ನೊಂದು ಗಂಟೆಗೆ ಇಳಿದೆವು. ಜನ ಹೋದ ಕಡೆ ನಾವೂ ಹೋದೆವು. ಸಮುದ್ರ ಸಿಕ್ಕಿತು, ಕೂರಲು ಜಾಗ ಸಿಗಲಿಲ್ಲ. ಸಂಜೆ ಸುಸ್ತಾಗಿ ಸ್ಟೇಷನ್ನಿಗೆ ಮರಳಿದಾಗ ಊರಿನ ನಕ್ಷೆ ನೋಡುತ್ತಾ ನಿಂತೆ. ಬಡಾವಣೆಗಳಿಗೆಲ್ಲ ಕಾಲಗಳ ಹೆಸರು! ಬೇಸಿಗೆಯ ಊರು, ಚಳಿಗಾಲದ ಊರು, ಎಲೆ ಉದುರುವ ಕಾಲದ ಊರು, ವಸಂತದ ಊರು. ಇಡೀ ದಿನ ನಾವು ಬೇಸಿಗೆಯ ಊರಿನ ಒಂದು ಮೂಲೆಯಲ್ಲಿ ಕಳೆದಿದ್ದೆವು.

ಅದಕ್ಕೇ ಅಕ್ಟೋಬರ್‌ನಲ್ಲಿ ಮತ್ತೆ ಹೋದೆವು, ಎರಡು ರಾತ್ರಿ ಉಳಿಯುವ ಹಾಗೆ. ಈ ಸಲ ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡದ ಕಡೆ ಹೊರಟೆವು. ಹಾಗೆ ಮಾಡಿದ್ದು ಎಷ್ಟು ಒಳ್ಳೇದಾಯಿತು ಅಂದರೆ, ಈಗ ಅಲ್ಲಿಗೆ ಹೊರಟವರಿಗೆಲ್ಲ ನಾನು ಹೇಳುವುದು ಇದೊಂದೇ: ಮೊದಲು ಚಳಿಗಾಲದ ಊರು ನೋಡಿ, ಸಮುದ್ರ ಎಲ್ಲಿಗೂ ಹೋಗುವುದಿಲ್ಲ.

ಅಂಗಡಿ ಬೀದಿಯ ಕೊನೆಯಲ್ಲಿ ಒಂದು ಲಿಫ್ಟ್ ಇದೆ. ಅದರಲ್ಲಿ ಮೇಲೆ ಹೋದರೆ ಮೊರೆಸ್ಕ್ ಪಾರ್ಕ್. ಸ್ಪೇನ್‌ನ ಅಲ್ಹಂಬ್ರಾ ಅರಮನೆಯ ನೆನಪು ತರುವಂಥ ಒಂದು ಕ್ಯಾಸಿನೋ ಇಲ್ಲಿತ್ತು. 1977ರಲ್ಲಿ ಸುಟ್ಟುಹೋಯಿತು, ಉಳಿದಿರುವುದು ತೋಟ ಮಾತ್ರ. ಅಲ್ಲಿಂದ ಹಿಂದಕ್ಕೆ ಪೈನ್ ಮರಗಳ ನಡುವೆ ಚಳಿಗಾಲದ ಊರು ಶುರುವಾಗುತ್ತದೆ.

ಇದನ್ನು ಕಟ್ಟಿಸಿದ್ದು 1860ರ ದಶಕದಲ್ಲಿ, ಎಮಿಲ್ ಮತ್ತು ಇಸಾಕ್ ಪೆರೇರ್ ಎಂಬ ಅಣ್ಣತಮ್ಮಂದಿರು. ಅವರದು ರೈಲ್ವೆ ಕಂಪನಿ. ರೈಲು ಅರ್ಕಶೋನ್ ಮುಟ್ಟಿದ್ದು 1857ರಲ್ಲಿ. ಅದೇ ವರ್ಷ ಇದು ತನ್ನದೇ ಆಡಳಿತದ ಊರೂ ಆಯಿತು. ಆದರೆ ಬೇಸಿಗೆಯಲ್ಲಿ ತುಂಬಿ ಬರುವ ರೈಲು ಚಳಿಗಾಲದಲ್ಲಿ ಖಾಲಿ. ಚಳಿಗಾಲದಲ್ಲೂ ಬರುವವರು ಯಾರು? ಕ್ಷಯ ರೋಗಿಗಳು. ಪೈನ್ ಮರದ ಗಾಳಿ ಶ್ವಾಸಕೋಶಕ್ಕೆ ಒಳ್ಳೆಯದು ಅಂತ ಆಗಿನ ವೈದ್ಯರು ನಂಬಿದ್ದರು. ಕ್ಷಯದ ರೋಗಾಣುವನ್ನು ಜರ್ಮನ್ ವೈದ್ಯ ರಾಬರ್ಟ್ ಕಾಖ್ ಕಂಡುಹಿಡಿದದ್ದು 1882ರಲ್ಲಿ. ಅಲ್ಲಿಯವರೆಗೆ ರೋಗಿಗೆ ಒಳ್ಳೆ ಗಾಳಿ, ವಿಶ್ರಾಂತಿ, ಊಟ ಬಿಟ್ಟು ಬೇರೆ ದಾರಿ ಇರಲಿಲ್ಲ, ಆಮೇಲೂ ಎಷ್ಟೋ ವರ್ಷ ಇರಲಿಲ್ಲ.

ಇಲ್ಲಿ ನಾವು ದಾರಿ ತಪ್ಪಿದೆವು. ಒಂದು ರಸ್ತೆಯೂ ನೇರ ಇಲ್ಲ. ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ನೋಡಿದ ಮನೆಯ ಮುಂದೆಯೇ ಮತ್ತೆ ಬಂದು ನಿಲ್ಲುತ್ತಿದ್ದೆವು. ಒಂದು ಗೇಟಿನ ಒಳಗೆ ವಯಸ್ಸಾದ ಹೆಂಗಸೊಬ್ಬರು ಪೈನ್ ಎಲೆ ಗುಡಿಸುತ್ತಿದ್ದರು. ನನ್ನ ಹರಕು ಫ್ರೆಂಚ್‌ನಲ್ಲಿ, "ಮೇಡಂ, ಈ ರಸ್ತೆ ಯಾಕೆ ಹೀಗಿದೆ?" ಅಂತ ಕೇಳಿದೆ. ಅವರು ಪೊರಕೆ ಗೋಡೆಗೆ ಒರಗಿಸಿ ಹೇಳಿದರು: "ಗಾಳಿ ದಾರಿ ತಪ್ಪಲಿ ಅಂತಲೇ ಹೀಗೆ ಮಾಡಿದ್ದು." ಕಡಲ ಗಾಳಿ ನೇರವಾಗಿ ನುಗ್ಗಿ ರೋಗಿಗಳಿಗೆ ಬಡಿಯಬಾರದು, ಅದಕ್ಕೆ ತಿರುವು. ಅಷ್ಟು ಹೊತ್ತು ನಕ್ಷೆಯನ್ನು ಬೈಯುತ್ತಿದ್ದ ನನಗೆ ಒಮ್ಮೆಲೇ ಆ ಬಡಾವಣೆಯ ಮೇಲೆ ಪ್ರೀತಿ ಬಂತು. ಕೆಮ್ಮುವವರನ್ನು ಮನಸ್ಸಲ್ಲಿಟ್ಟುಕೊಂಡು ರಸ್ತೆ ಎಳೆದ ಊರು ಎಷ್ಟಿವೆ ಹೇಳಿ.

ಆಮೇಲೆ ಮನೆಗಳನ್ನು ನಿಧಾನವಾಗಿ ನೋಡಿದೆವು. ಪ್ರತಿ ಮನೆಗೂ ಒಂದು ಹೆಸರು: ತೆರೆಸಾ, ತೊಲೇದೊ, ಬ್ರೆಮಾಂತಿಯೆ. ಸೂರಿನ ಅಂಚಿಗೆ ಸೀರೆಗೆ ಲೇಸ್ ಹೊಲಿದ ಹಾಗೆ ಮರದ ಪಟ್ಟಿ. ಒಂದು ಮನೆಯ ಕಾಂಪೌಂಡ್ ಹತ್ತಿರ ನಿಂತು ನೋಡಿದೆ. ಬಿಳಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಕೊರೆದ ತೂತುಗಳಲ್ಲಿ ಪೈನ್ ಎಲೆ ಸೂಜಿ ಚುಚ್ಚಿದಂತೆ ಸಿಕ್ಕಿಕೊಂಡಿತ್ತು. ಒಂದು ಹಲ್ಲು ಮುರಿದ ಕಡೆ ಯಾರೋ ಹೊಸದು ಕೆತ್ತಿ ಕೂರಿಸಿದ್ದರು. ಅದರ ಮರ ಇನ್ನೂ ಹಳದಿ.

ಹತ್ತಿರದಲ್ಲೇ ಸೇಂತ್ ಸೆಸಿಲ್ ವೀಕ್ಷಣಾ ಗೋಪುರ. 1863ರ ಕಬ್ಬಿಣದ ಕೆಲಸ. ಐಫೆಲ್ ಗೋಪುರಕ್ಕೆ ಇನ್ನೂ ಹೆಸರೇ ಇಲ್ಲದ ಕಾಲದಲ್ಲಿ ಯುವಕ ಗುಸ್ತಾವ್ ಐಫೆಲ್ ಇದರಲ್ಲಿ ಕೈ ಜೋಡಿಸಿದ್ದರು. ಸುರುಳಿ ಮೆಟ್ಟಿಲು ಹತ್ತುವಾಗ ಅಲುಗಾಡುತ್ತದೆ. ಹೆಂಡತಿ ಕೆಳಗೇ ಉಳಿದಳು, ಮಗಳು ನನಗಿಂತ ಮುಂದೆ ಓಡಿದಳು. ಮೇಲಿಂದ ನೋಡಿದರೆ ಮರಗಳ ತಲೆ, ಅದರಾಚೆ ಹಿನ್ನೀರು. ಅರ್ಕಶೋನ್ ಇರುವುದು ತೆರೆದ ಸಮುದ್ರದ ಎದುರಿಗಲ್ಲ, ಕಡಲು ಒಳನುಗ್ಗಿ ಆದ ದೊಡ್ಡ ಬಾಸಿನ್ ಒಂದರ ದಡದಲ್ಲಿ ಅಂತ ಆಗ ಕಣ್ಣಿಗೆ ಸ್ಪಷ್ಟವಾಯಿತು.

ಬೇಸಿಗೆಯ ಊರಿಗೆ ಅರ್ಧ ದಿನ ಸಾಕು. ತಿಯೇರ್ ಜೆಟ್ಟಿ, ಕೋಟೆಯಂತೆ ಕಾಣುವ ಕ್ಯಾಸಿನೋ, ಮಾರುಕಟ್ಟೆ. ಅಕ್ಟೋಬರ್‌ನಲ್ಲಿ ಅಲ್ಲಿ ಕೂರಲು ಜಾಗವೂ ಇತ್ತು.

ಎರಡನೇ ದಿನ ಪೂರ್ವಕ್ಕೆ, ಎಲೆ ಉದುರುವ ಕಾಲದ ಊರಿಗೆ. ಬಂದರು, ಮೀನುಗಾರರ ಮನೆಗಳು ಇರುವ ಕಡೆ. ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯಲ್ಲಿ ಇಳಿತ ನೋಡಿಕೊಂಡು ಬಳಚು ಆರಿಸಲು ಇಳಿಯುವ ಹೆಂಗಸರನ್ನು ನೋಡಿ ಬೆಳೆದವನು. ಹಾಗಾಗಿ ಇಲ್ಲಿ ಮೊದಲು ಮಾಡಿದ ಕೆಲಸ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿದ್ದು. ನೀವೂ ಹಾಗೇ ಮಾಡಿ. ಇಳಿತದಲ್ಲಿ ಬಾಸಿನ್‌ನ ಬಹುಪಾಲು ಕೆಸರು ದಿಬ್ಬವಾಗಿ ಎದ್ದು ನಿಲ್ಲುತ್ತದೆ, ದೋಣಿಗಳು ಮಗ್ಗುಲಾಗಿ ಮಲಗುತ್ತವೆ. ಆರು ಗಂಟೆ ಬಿಟ್ಟು ಬಂದರೆ ಅದೇ ಜಾಗ ಗುರುತೇ ಸಿಗುವುದಿಲ್ಲ. ನಾವು ಎರಡೂ ಹೊತ್ತು ಹೋದೆವು.

ಇಲ್ಲಿನ ಸಿಂಪಿ ಹೆಸರುವಾಸಿ. ಹೊಸಬರಿಗೆ ಒಂದು ಮಾತು: ಸಿಂಪಿಗೆ ನಂಬರ್ ಇರುತ್ತದೆ, ನಂಬರ್ ಜಾಸ್ತಿಯಾದಷ್ಟು ಸಿಂಪಿ ಚಿಕ್ಕದು. ನಾನು ಮೂರನೇ ನಂಬರಿನದು ಆರು ತಗೊಂಡೆ. ಹಸಿಯಾಗಿ, ಬರೀ ನಿಂಬೆ ಹಿಂಡಿ, ಬೆಣ್ಣೆ ಬ್ರೆಡ್ ಜೊತೆ. ಬಾಯಿ ತುಂಬ ನಮ್ಮೂರ ಹಿನ್ನೀರಿನದೇ ವಾಸನೆ.

ಈ ಜನರ ಬದುಕಿನ ಇನ್ನೊಂದು ಮುಖ ನೋತ್ರ್ ದಾಮ್ ಬಸಿಲಿಕಾದಲ್ಲಿದೆ. ಸಮುದ್ರದಿಂದ ಬದುಕಿ ಬಂದ ನಾವಿಕರು ಹರಕೆ ಒಪ್ಪಿಸಿದ ಫಲಕಗಳು ಹಳೆಯ ಚಾಪೆಲ್‌ನ ಗೋಡೆಯ ಮೇಲಿವೆ. 1836ರ ಮಾರ್ಚ್‌ನಲ್ಲಿ ಈ ಬಾಸಿನ್‌ನಿಂದ ಹೊರಟ 78 ಮೀನುಗಾರರು ಬಿರುಗಾಳಿಗೆ ಸಿಕ್ಕಿ ಮರಳಲಿಲ್ಲ. ಆ ಗೋಡೆಯ ಮುಂದೆ ನಾನು ಸುಮ್ನೆ ನಿಂತುಬಿಟ್ಟೆ. ನಮ್ಮ ಕಡೆಯೂ ಬಿರುಗಾಳಿ ದಿನ ಮನೆಮನೆಯಲ್ಲಿ ದೀಪ ಹಚ್ಚಿ ಕಾಯುತ್ತಾರಲ್ವಾ.

ಮೂರನೇ ದಿನ ವಸಂತದ ಊರು. ಬೀಚ್ ಪಕ್ಕದ ಕಾಲುದಾರಿಯಲ್ಲಿ ಪೆರೇರ್ ಪಾರ್ಕ್ ದಾಟಿ ಮೂಲೋ ಎಂಬ ಬಡಾವಣೆಯವರೆಗೆ ನಡೆದೆವು. ಮಗಳ ಜೊತೆ ನಿಧಾನಕ್ಕೆ, ಕೂತು ಎದ್ದು, ಎರಡು ಗಂಟೆ ಹಿಡಿಯಿತು. ದಾರಿಯಲ್ಲಿ ಅಬಾತಿಯ್ ನೀರಿನ ಊಟೆ ಇರುವ ಜಾಗ ಸಿಗುತ್ತದೆ. 1920ರ ದಶಕದಲ್ಲಿ ಎಣ್ಣೆ ಹುಡುಕಿ ಕೊರೆದರು, ಸಿಕ್ಕಿದ್ದು ಕುಡಿಯುವ ನೀರು. ಇವತ್ತಿಗೂ ಬಾಟಲಿಗೆ ತುಂಬುತ್ತಿದ್ದಾರೆ.

ಮೂಲೋದಲ್ಲಿ ಒಂದು ಬೀದಿ ದಿಬ್ಬದ ಮೇಲಿನ ಚರ್ಚಿನಿಂದ ನೇರ ಜೆಟ್ಟಿಗೆ ಇಳಿಯುತ್ತದೆ. ಬಾಸಿನ್‌ನಿಂದ ಕಡಲಿಗೆ ಹೋಗುವ ಅಪಾಯದ ಕಾಲುವೆಗಳನ್ನು ಕಾಯುವ ಮೇರಿ ಮಾತೆಯ ಚರ್ಚು ಅದು. ಸಂಜೆ ಜೆಟ್ಟಿಯ ತುದಿಯಲ್ಲಿ ಕೂತೆವು. ಎಡಕ್ಕೆ ಪಿಲಾ ಮರಳು ದಿಬ್ಬ, ಎದುರು ದಡದಲ್ಲಿ ಕಾಪ್ ಫೆರೆ ದೀಪಸ್ತಂಭ. ಕತ್ತಲಾಗುತ್ತಿದ್ದಂತೆ ಅದರ ಕೆಂಪು ದೀಪ ಹೊಳೆಯಿತು. ಮಗಳು ಎಣಿಸಿದಳು, ಐದು ಸೆಕೆಂಡಿಗೊಮ್ಮೆ.

ಪೊರಕೆ ಹಿಡಿದಿದ್ದ ಆ ಅಮ್ಮ ಬೀಳ್ಕೊಡುವಾಗ, ಫೆಬ್ರವರಿಯಲ್ಲಿ ಬನ್ನಿ, ಮಿಮೋಸಾ ಹಳದಿಯಾಗಿ ಅರಳಿರುತ್ತದೆ ಅಂದಿದ್ದರು. ಚಳಿಗಾಲದ ಊರನ್ನು ಚಳಿಗಾಲದಲ್ಲೇ ನೋಡಬೇಕು ಅಂತ ಹೆಂಡತಿ ಈಗಾಗಲೇ ರೈಲಿನ ಟಿಕೆಟ್ ತೆಗೆದಿದ್ದಾಳೆ.