ಅಂಚಿನ ನಾಲ್ಕು ಮಿಲಿಮೀಟರ್

ಕೂದಲಿನ ಬುಡವೇ ನಾಶವಾಗಿ ಕಲೆಗಟ್ಟುವ ಕೂದಲುದುರುವಿಕೆಗೆಂದು ನಾನು ಕಳುಹಿಸಿದ ಮೊದಲ ಹತ್ತು ಹನ್ನೆರಡು ಬಯಾಪ್ಸಿಗಳಲ್ಲಿ ಏಳೆಂಟು ‘ನಿಶ್ಚಿತವಾಗಿ ಹೇಳಲಾಗದು’ ಎಂಬ ಸಾಲು ಹೊತ್ತು ಮರಳಿದವು. ತಪ್ಪು ನನ್ನದೇ. ಕೂದಲು ಪೂರ್ತಿ ಹೋಗಿ ಹೊಳೆಯುವ ಜಾಗದ ನಟ್ಟನಡುವೆ ಪಂಚ್, ಅಂದರೆ ಚರ್ಮವನ್ನು ದುಂಡಗೆ ಕೊರೆಯುವ ಉಪಕರಣ, ಇಳಿಸುತ್ತಿದ್ದೆ. ಅಲ್ಲಿ ಬೆಂಕಿ ಆರಿ ಬೂದಿಯಷ್ಟೇ ಉಳಿದಿರುತ್ತದೆ; ರೋಗ ಇನ್ನೂ ಉರಿಯುತ್ತಿರುವುದು ಅಂಚಿನಲ್ಲಿ. ಎರಡನೇ ಪರೀಕ್ಷೆಗೆ ರೋಗಿಯ ಬಳಿ ಹಣ ಕೇಳಲು ಮುಖವಿಲ್ಲದೆ ಮೂರ್ನಾಲ್ಕು ಬಾರಿ ಕೈಯಿಂದಲೇ ಕಟ್ಟಿದ್ದೇನೆ.

ಆಮೇಲೆ ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪಿನಲ್ಲಿ ನೋಡಿ ಜಾಗ ಆರಿಸತೊಡಗಿದೆ. ‘ಚುಚ್ಚಲೂ ಭೂತಗನ್ನಡಿ ಬೇಕೇ?’ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಜೆಲ್ ಹಚ್ಚಿದರೆ ಸುಳಿವು ಕೊಡುವ ಹೊಟ್ಟು ಮಾಯವಾಗುತ್ತದೆ, ಮೊದಲು ಒಣದಾಗಿಯೇ ನೋಡಬೇಕು ಎಂಬುದು ಹೊಳೆಯಲು ನನಗೆ ಐದಾರು ತಿಂಗಳು ಬೇಕಾಯಿತು.

ನಂಬಿಕೆ ಬಂದದ್ದು ಒಬ್ಬ ಮಹಿಳೆಯ ನೆತ್ತಿ ನೋಡಿದಾಗ. ಸಾಮಾನ್ಯ ಆನುವಂಶಿಕ ಕೂದಲುದುರುವಿಕೆ ಎಂದು ಎರಡು ವರ್ಷ ಮಿನಾಕ್ಸಿಡಿಲ್ ಹಚ್ಚಿದ್ದರು. ದಪ್ಪ, ತೆಳು ಕೂದಲು ಬೆರೆತಿದ್ದವು. ಯಾರೂ ಹಾಗೆಯೇ ತಿಳಿಯುತ್ತಿದ್ದರು. ಆದರೆ ಬೈತಲೆಯ ಪಕ್ಕದ ಮೂರು ಕೂದಲುಗಳ ಬುಡಕ್ಕೆ ಬಿಳಿ ಹೊಟ್ಟು ಅಂಗಿಯ ತೋಳಿನಂತೆ ಸುತ್ತಿಕೊಂಡಿತ್ತು, ಸುತ್ತ ತಿಳಿಗೆಂಪು ಉಂಗುರ. ಅಲ್ಲೇ ಪೆನ್ನಿನಿಂದ ಗುರುತು ಹಾಕಿ, ಅರಿವಳಿಕೆ ಕೊಟ್ಟು ಹತ್ತು ನಿಮಿಷ ಕಾದು, ಕೂದಲು ಬಾಗಿದ ದಿಕ್ಕಿನಲ್ಲೇ 4 ಮಿ.ಮೀ. ಪಂಚನ್ನು ಕೊಬ್ಬಿನವರೆಗೆ ಇಳಿಸಿದೆ. ಅಡ್ಡಡ್ಡ ಸೀಳಿ ನೋಡಿ ಎಂದು ಬೇಡಿಕೊಂಡಾಗ ರೋಗಶಾಸ್ತ್ರಜ್ಞರು ಗೊಣಗಿದರು. ಉದ್ದ ಸೀಳಿದರೆ ಸಿಗುವುದು ಬೆರಳೆಣಿಕೆಯ ಕೋಶಕಗಳು, ಅಂದರೆ ಕೂದಲು ಹುಟ್ಟುವ ಚೀಲಗಳು. ಅಡ್ಡ ಸೀಳಿದರೆ ತುಣುಕಿನಲ್ಲಿರುವ ಎಲ್ಲವೂ. ಅವರಿಗೆ ಕಂಡದ್ದು ಇಷ್ಟು: ಕುಗ್ಗಿದ ಕೋಶಕಗಳ ಜೊತೆಗೆ, ಕೋಶಕದ ಮೇಲ್ಭಾಗವನ್ನು ಮುತ್ತಿದ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು, ಈರುಳ್ಳಿ ಪದರದಂತೆ ಸುತ್ತಿದ ನಾರು. 2000ದಲ್ಲೇ ವರದಿಯಾಗಿದ್ದರೂ ನಾವು ದಾಟಿ ಹೋಗುವ ಎಫ್‌ಎಪಿಡಿ ಅದು, ಅಂದರೆ ಆನುವಂಶಿಕ ಕೂದಲುದುರುವಿಕೆಯಂತೆಯೇ ಹರಡುವ ಕಲೆಗಟ್ಟುವ ಬಗೆ.

ಆ ಹುಮ್ಮಸ್ಸಿನಲ್ಲಿ ಎಲ್ಲರಿಗೂ ಚರ್ಮದ ತುಣುಕಿನಲ್ಲಿ ಪ್ರತಿಕಾಯಗಳನ್ನು ಹೊಳೆಯಿಸಿ ಹುಡುಕುವ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆ ಮಾಡಿಸಿದೆ; ದುಡ್ಡು ದಂಡ. ಈಗ ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ಎರಗುವ ಲೂಪಸ್ ರೋಗದ ಅನುಮಾನವಿದ್ದರೆ ಮಾತ್ರ. ಒಮ್ಮೆ ಆ ತುಣುಕನ್ನೂ ಈ ಪರೀಕ್ಷೆಗೆ ಬೇಕಾದ ಮಿಶೆಲ್ ದ್ರಾವಣದ ಬದಲು ಮಾಮೂಲಿ ಬಯಾಪ್ಸಿಯ ಫಾರ್ಮಲಿನ್‌ಗೆ ಹಾಕಿ ಕಳೆದುಕೊಂಡದ್ದೂ ಉಂಟು. ಡರ್ಮೋಸ್ಕೋಪಿಗೆ ಮೊಬೈಲ್ ಸಿಕ್ಕಿಸಿ ಪ್ರತಿ ಭೇಟಿಯಲ್ಲೂ ಅದೇ ಜಾಗದ ಚಿತ್ರ ತೆಗೆಯುವ ಪ್ರಯೋಗ ಕೈಕೊಟ್ಟಿತು. ಬೈತಲೆ ಪ್ರತಿ ಸಲ ಬೇರೆಡೆ ಬೀಳುತ್ತಿತ್ತು. ಹುಬ್ಬುಗಳ ನಡುವಿನಿಂದ ಟೇಪಿನಲ್ಲಿ ಅಳೆದ ಮೇಲೆ ಸರಿಹೋಯಿತು.

ಇತ್ತೀಚಿನ ಮೂವತ್ತು ಚಿಲ್ಲರೆ ಬಯಾಪ್ಸಿಗಳಲ್ಲಿ ಉತ್ತರವಿಲ್ಲದೆ ಮರಳಿದ್ದು ಎರಡೋ ಮೂರೋ. ತುಣುಕು ಪ್ರಯೋಗಾಲಯದಲ್ಲಿ ತಲೆಕೆಳಗಾಗದಂತೆ ನಾನು ಮಾಡುವ ಉಪಾಯವೊಂದಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಅಂದು ನಕ್ಕವರು ಈಗ ತಮ್ಮ ರೋಗಿಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ, ಪೆನ್ನಿನ ಗುರುತು ಹಾಕಿಯೇ. ಗುರುತು ಮಾತ್ರ ಇನ್ನೂ ಹೊಳೆಯುವ ಜಾಗದ ನಟ್ಟನಡುವೆಯೇ ಇರುತ್ತದೆ.