ತಣ್ಣೀರಿನ ಕ್ರ್ಯಾಪಿಗೆ ಎರೆ ಮೇಲಿರಲಿ

ಅಮೆರಿಕದ ಕೆರೆ, ಜಲಾಶಯಗಳಲ್ಲಿ ಮಾರ್ಚ್ ಹೊತ್ತಿಗೆ ಕ್ರ್ಯಾಪಿ ಎಂಬ ಸಿಹಿನೀರಿನ ಮೀನು ಹಿಡಿಯಲು ಹೊರಟವರು ಗಾಳವನ್ನು ತಳಕ್ಕೆ ಬಿಡಬೇಡಿ. ಮೀನಿರುವ ಆಳಕ್ಕಿಂತ ಒಂದಡಿ ಮೇಲೆ ಎರೆ ನಿಲ್ಲುವಂತೆ ಬೆಂಡು ಕಟ್ಟಿ, ಎಳೆದಾಡದೆ ಸುಮ್ಮನಿರಿ. ಕ್ರ್ಯಾಪಿಯ ಕಣ್ಣುಗಳು ತಲೆಯ ಮೇಲ್ಭಾಗದಲ್ಲಿವೆ. ಮೇಲೆ ಕಂಡದ್ದನ್ನು ಏರಿ ಬಂದು ತಿನ್ನುತ್ತದೆ, ಕೆಳಗಿರುವುದನ್ನು ಗಮನಿಸುವುದು ಕಡಿಮೆ. ನೀರು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದ್ದಾಗ ಮೈ ಜಡವಾಗಿರುವುದರಿಂದ ಓಡುವ ಎರೆಯ ಬೆನ್ನು ಹತ್ತುವುದೂ ಅಪರೂಪ. ಜಿಗ್ (ತಲೆಗೆ ಭಾರ ಕೂಡಿಸಿದ ಗಾಳ) 1/16 ಔನ್ಸ್ ಸಾಕು, 1/32 ಇನ್ನೂ ಒಳ್ಳೆಯದು. ನಸುಕಿನಲ್ಲೆದ್ದು ನಡುಗುವ ಶೌರ್ಯವೂ ಬೇಡ: ದಿನವಿಡೀ ಬಿಸಿಲು ಕಾದ ಉತ್ತರದ ದಂಡೆಯಲ್ಲಿ, ಮುಳುಗಿದ ಕೊಂಬೆಗಳ ಪಕ್ಕ, ಮಧ್ಯಾಹ್ನ ಮೂರರ ಮೇಲೆ ಕುಳಿತರಾಯಿತು. ನಿಂತಿದ್ದ ಬೆಂಡು ಮುಳುಗದೆ ಅಡ್ಡ ಮಲಗಿತೋ, ಮೀನು ಎರೆಯನ್ನು ಕಚ್ಚಿ ಮೇಲಕ್ಕೆತ್ತಿದೆ ಎಂದುಕೊಳ್ಳಿ. ಕೋಲನ್ನು ಮೆಲ್ಲಗೆ ಎತ್ತಬೇಕು. ಜಗ್ಗಿದರೆ ಕಾಗದದಂಥ ಬಾಯಿ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಶೀತಗಾಳಿ ಬೀಸಿ ಹೋದ ಮರುದಿನ ದಂಡೆಯಲ್ಲಿ ಕಾದು ಫಲವಿಲ್ಲ, ಮೀನು ಆಳಕ್ಕೆ ಸರಿದಿರುತ್ತದೆ. ಮಳೆಗೆ ನೀರು ಕದಡಿದ್ದರೆ ಒಂದಡಿ ದೂರದ ಎರೆ ಅದಕ್ಕೆ ಕಾಣುವುದೇ ಇಲ್ಲ. ಆಗ ಮೀನಿಗೂ ಎರೆಗೂ ನಡುವಿನ ಅಂತರವನ್ನು ನಾಲ್ಕೈದು ಇಂಚಿಗೆ ಇಳಿಸಿ.